ಚಿನ್‌ಶುಯಿಯ ಹೆಬ್ಬೆರಳು

ಚಿನ್‌ಶುಯಿ ಬಿಚ್ಚಿ ಜೋಡಿಸಿದ್ದ ಮೀನು ಲಾರಿಯ ಎಂಜಿನ್ನು, ಕೀಲಿ ತಿರುಗಿಸಿದಾಗಲೆಲ್ಲ ಕಾರ್ಬುರೇಟರಿನ ಬಾಯಿಂದ ಢಬ್ಬೆಂದು ಬೆಂಕಿ ಉಗುಳುತ್ತಿತ್ತು. ಕಾರ್ಬುರೇಟರ್ ತೊಳೆದ, ವಾಲ್ವುಗಳ ಸಂದು ಅಳೆದ. ಕೊನೆಗೆ, ಯಂತ್ರ ಹೇಳಿದ ಮಾತು ಕೇಳಲೆಂದು ತುಂಗ್‌ಕಾಂಗ್ ಬಂದರಿನವರೆಲ್ಲ ಅದರ ಮೇಲಿಡುವ ಹಸಿರು ಕುರುಕಲು ತಿಂಡಿ ಪೊಟ್ಟಣವನ್ನೂ ಬದಲಿಸಿದ.

"ಕುಣಿಯೋಕೆ ಬರ್ದೋನು ನೆಲ ಡೊಂಕು ಅಂದ್ನಂತೆ," ಎಂದಳು ಹೆಂಡತಿ ಪಾವೊಚು. "ಕಿಡಿ ಹೊತ್ತಲ್ಲದ ಹೊತ್ತಲ್ಲಿ ಬೀಳ್ತಿದೆ, ಮುದಿ ಕೋತಿ. ಮೊದಲ್ನೇ ಸಿಲಿಂಡರಿಗೆ ಹೆಬ್ಬೆಟ್ಟಿಟ್ಟು ಗಾಳಿ ಒತ್ತೋದು ನೋಡಿದ್ಯಾ?"

"ಪುಲ್ಲಿ ಗುರುತು ಸರಿಯಾಗೇ ಇತ್ತು."

"ಒಂದು ಕಿಡಿಗೆ ಗುರುತು ಎರಡು ಸಲ ಬರುತ್ತೆ, ಗಾಳಿ ಒತ್ತೋದು ಒಂದೇ ಸಲ ಅಂತ ನಂಗೆ ಕಲಿಸ್ದೋನೇ ನೀನು!"

ಪಾವೊಚು ಅವನ ಕೈ ನೋಡಿದಳು. ಹೆಬ್ಬೆರಳಲ್ಲಿ ಸುಟ್ಟ ಗುಳ್ಳೆ ಎದ್ದಿತ್ತು.

"ಇದ್ಯಾವಾಗ ಸುಟ್ಕೊಂಡೆ?"

"ಎಲ್ಲಿ?" ಎಂದು ಅವನೂ ಬಗ್ಗಿ ನೋಡಿದ.

ಅವಳು ಮೊದಲನೇ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ಆ ತೂತಿಗೆ ತನ್ನ ಹೆಬ್ಬೆರಳು ಒತ್ತಿದಳು. ಅವನು ಪಾನಾದಿಂದ ಎಂಜಿನ್ ತಿರುಗಿಸಿದ. ಗಾಳಿ ಬೆರಳನ್ನು ತಳ್ಳಿದಾಗ "ಈಗ," ಎಂದಳು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಪೂರ್ತಿ ವಿರುದ್ಧ ದಿಕ್ಕಿಗೆ ಮುಖ ಮಾಡಿತ್ತು. ಎತ್ತಿ ತಿರುಗಿಸಿ ಕೂರಿಸಿದ. ಎಂಜಿನ್ನು ಒಂದೇ ಸಲಕ್ಕೆ ಹತ್ತಿತು.

ಪಾವೊಚು ಅದರತ್ತ ನೋಡಲೇ ಇಲ್ಲ. "ಬೆರಳಿಗೆ ಯಾವಾಗಿಂದ ಏನೂ ಗೊತ್ತಾಗ್ತಿಲ್ಲ?"

"ಹೊಸ ವರ್ಷದಿಂದ," ಎಂದ ಅವನು, ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸದಿರಲಿ ಎಂಬಂತೆ.