ಗುಬ್ಬಿ ಎಂಜಲು

ಬೀಕರಿನ ತಳ ಕೂಡ ಒದ್ದೆಯಾಗಲಿಲ್ಲ. ಹುಷಾರಾಗಿ ಬಾಯಿ ಮುಕ್ಕಳಿಸಿ, ಹುಣಸೆಹಣ್ಣನ್ನು ನೆನೆದು, ನಾಲಿಗೆ ಹೊರಳಿಸಿ, ಏನೆಲ್ಲ ಮಾಡಿದರೂ ನಾಜಿಶ್‌ಗೆ ಬಂದದ್ದು ಚಿಟಿಕೆ ನೊರೆ. ಜೀವರಸಾಯನಶಾಸ್ತ್ರದ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಎಂಜಲು ಪಿಷ್ಟವನ್ನು ಸಕ್ಕರೆಯಾಗಿಸುವ ಪ್ರಯೋಗ. ರಂಜಾನ್ ತಿಂಗಳು, ಮಾರ್ಚ್ ಬಿಸಿಲು, ಬೆಳಗಿನಿಂದ ಗಂಟಲಿಗೆ ಹನಿ ನೀರಿಲ್ಲ. ಒಂದು ಲೋಟ ನೀರು ಕುಡಿದರೆ ರೋಜಾ ಮುರಿಯುತ್ತದೆ, ಕುಡಿಯದಿದ್ದರೆ ಪರೀಕ್ಷೆ ಮಣ್ಣುಪಾಲು.

ಪಕ್ಕದ ಮೇಜಿನಿಂದ ಗೆಳತಿ ಸುಕನ್ಯ ಕೈ ಎತ್ತಿದಳು. "ಮೇಡಂ, ಅವ್ಳು ಉಪವಾಸ. ನಂದು ಕೊಡ್ಲಾ?"

ಪರೀಕ್ಷಕಿ ನಕ್ಕರು. "ಸ್ಟಾರ್ಚ್‌ಗೇನು ಗೊತ್ತಾಗುತ್ತೆ ಯಾರ್ದು ಅಂತ? ಬೇಗ ಕೊಡಮ್ಮ."

ನಾಜಿಶ್ ಬೆರಗಾದಳು. ಇವಳಾ? ಜೋಗುಪಾಳ್ಯದ ಸುಕನ್ಯ ಅಜ್ಜಿ ಪಟಾಲಮ್ಮನ ಕೈಯಲ್ಲಿ ಬೆಳೆದವಳು. ಬಾಟಲಿಯನ್ನು ಎತ್ತಿಯೇ ಕುಡಿಯುವವಳು. ಒಂದು ತುಂಡು ಚಿಕ್ಕಿ ಹಂಚಬೇಕಾದರೂ ದುಪಟ್ಟಾದ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ ಮುರಿದು, "ಗುಬ್ಬಿ ಎಂಜಲು, ತಗೋ" ಎನ್ನುವವಳು. ಬಾಯಿ ತಾಗಿದ್ದನ್ನು ಯಾರಿಗೂ ಕೊಡುವುದಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಎಲ್ಲರೊಂದಿಗೂ ಹಾಗೆಯೇ ಎಂದು ಗೊತ್ತಿದ್ದರೂ ನಾಜಿಶ್‌ಗೆ ಒಮ್ಮೊಮ್ಮೆ ಚುರುಕ್ ಎನ್ನುತ್ತಿತ್ತು.

ಈಗ ಅದೇ ಸುಕನ್ಯ ಸಿಂಕಿನತ್ತ ತಿರುಗಿ, ನಾಚಿಕೆಯಿಂದ ಮುದುಡಿ, ಬೀಕರಿಗೆ ಉಗುಳುತ್ತಿದ್ದಳು. "ಸಾಕಾ? ನಮ್ಮಜ್ಜಿಗೆ ಹೇಳ್ಬಿಟ್ಟೀಯ, ಹುಷಾರ್!"

ನಾಜಿಶ್ ಅದನ್ನು ನೀರಿನಲ್ಲಿ ತೆಳುಮಾಡಿ, ಸೋಸಿ, ಪಿಷ್ಟಕ್ಕೆ ಬೆರೆಸಿದಳು. ಬಿಳಿ ಟೈಲಿನ ಮೇಲಿನ ಅಯೋಡಿನ್‌ಗೆ ಆಗಾಗ ಒಂದೊಂದು ಹನಿ ಬಿಟ್ಟಳು. ಮೊದಲು ಕಡುನೀಲಿ, ಆಮೇಲೆ ಕಂದು, ಕೊನೆಗೆ ನೀಲಿಯ ಸುಳಿವೇ ಇಲ್ಲ. ಪರೀಕ್ಷಕಿ ತಲೆಯಾಡಿಸಿ ಮುಂದಿನ ಮೇಜಿಗೆ ಹೋದರು. ನಾಜಿಶ್‌ಗೆ ಹೋದ ಜೀವ ಬಂದಂತಾಯಿತು. ಈ ಹುಡುಗಿಯ ಋಣ ಹೇಗೆ ತೀರಿಸಲಿ ಎಂದು ಎದೆ ತುಂಬಿ ಬಂತು.

ಸಂಜೆ ಶಿವಾಜಿನಗರದ ಬಸ್ಸು ಹಲಸೂರು ಮುಟ್ಟುವ ಮೊದಲೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಇಬ್ಬರೂ ಒಂದೇ ಸೀಟಿನಲ್ಲಿದ್ದರು. ಎಲ್ಲಿಂದಲೋ ಆಜಾನ್ ಕೇಳಿಸಿತು. ನಾಜಿಶ್‌ಳ ಚೀಲದಲ್ಲಿದ್ದದ್ದು ಒಂದೇ ಒಂದು ಖರ್ಜೂರ.

"ನೀನ್ ತಿನ್ನು, ನಂದು ಮಧ್ಯಾಹ್ನವೇ ಊಟ ಆಗಿದೆ."

"ಇವತ್ತು ನಿನ್ನ ಬಿಟ್ಟು ತಿನ್ನಲ್ಲ ಕಣೇ," ಎಂದ ನಾಜಿಶ್ ಖರ್ಜೂರವನ್ನು ದುಪಟ್ಟಾದ ತುದಿಯಲ್ಲಿ ಸುತ್ತತೊಡಗಿದಳು.

ಸುಕನ್ಯ ಅವಳ ಕೈ ಹಿಡಿದಳು. "ಸುತ್ಬೇಡ್ವೇ. ಹಂಗೇ ಕಚ್ಚು."

ನಾಜಿಶ್ ಅವಳ ಮುಖವನ್ನೇ ನೋಡಿದಳು. ಮೆಲ್ಲಗೆ ದುವಾ ಹೇಳಿ ಕಚ್ಚಿದಳು. ಬೀಜವಿದ್ದ ಅರ್ಧವನ್ನು ಸುಕನ್ಯ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ, ಬೀಜ ಎಲ್ಲಿ ಉಗುಳಲಿ ಎಂದು ಅತ್ತಿತ್ತ ನೋಡಿದಳು.

ನಾಜಿಶ್ ಅಂಗೈ ಒಡ್ಡಿದಳು.