ಶ್ರೇಣಿಕಣ್ಣನ ಗಂಟು

ಮಗ್ಗಗಳ ಊರು ಇಚಲಕರಂಜಿಯ ಪಕ್ಕದ ಯಡ್ರಾವದ ಶ್ರೇಣಿಕ ಮದುವೆ ಮನೆಗೆ ಹೋದರೆ ಊಟದ ಪಂಕ್ತಿಗಿಂತ ಮೊದಲು ನೋಡುತ್ತಿದ್ದುದು ಬಂದವರ ಬಟ್ಟೆಯನ್ನು. ಪರಿಚಯವಿರಲಿ ಬಿಡಲಿ, ಎದುರಿಗೆ ಸಿಕ್ಕವರ ಅಂಗಿತೋಳನ್ನು ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿ, ನೂಲು ಎಂಥದು, ಯಾವ ಊರಿನ ಮಗ್ಗದ್ದು ಎಂದು ಹೇಳಿಬಿಡಬೇಕು. ಹೆಂಡತಿ ನೂತನ ನಾಚಿಕೊಂಡು ಮುಖ ಆಚೆ ತಿರುಗಿಸುತ್ತಿದ್ದಳು. ಶ್ರೇಣಿಕನ ಮನೆಯವರು ಅಜ್ಜನ ಕಾಲದಿಂದ ಪವರ್‌ಲೂಮ್ ಓಡಿಸಿದವರು. ಮಗ್ಗದಲ್ಲಿ ಎಳೆ ಹರಿದರೆ ಅವನ ಬೆರಳು ಕಣ್ಣಿನ ಸಹಾಯವಿಲ್ಲದೆ ಗಂಟು ಹಾಕುತ್ತಿತ್ತು, ಬಟ್ಟೆಯಾದ ಮೇಲೆ ಆ ಗಂಟನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಇಷ್ಟು ಬಲ್ಲ ಮನುಷ್ಯನಿಗೆ ಒಂಚೂರು ಸೊಕ್ಕು ಇದ್ದರೆ ಯಾರು ತಪ್ಪೆನ್ನುತ್ತಾರೆ? ಯಾರೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮಗ್ಗಗಳ ಸದ್ದು ಕಡಿಮೆಯಾಗುತ್ತ ಬಂದಾಗ ಅವನು ನಾಲ್ಕು ಗಾಲಿಗೂ ಎಂಜಿನ್ ಬಲ ಹೋಗುವಂಥ ಹಳೆಯ ಪಿಕಪ್ ಒಂದನ್ನು ಕೊಂಡ. ಜೊತೆಗೆ ಕೆಲಸಕ್ಕೆ ಬಂದವನು ಗಡಹಿಂಗ್ಲಜದ ಆಚೆ, ಗಡಿಯ ಹಳ್ಳಿಯ ಕೃಷ್ಣಾತ. ಕುರಿ ಸಾಕುವ ಮನೆತನ. ಮಳೆಗಾಲದಲ್ಲಿ ಕುರಿಗಾರರ ಬಿಡಾರ ಒಂದು ಮಾಳದಿಂದ ಇನ್ನೊಂದಕ್ಕೆ ಹೋಗುವಾಗ ಎಳೆ ಮರಿಗಳು, ಕುಂಟ ಕುರಿಗಳು, ಪಾತ್ರೆ ಪಡಗ, ಕಂಬಳಿ ಎಲ್ಲವನ್ನೂ ಇವರ ಪಿಕಪ್ಪೇ ಹೊರುತ್ತಿತ್ತು. ಡಾಂಬರು ಮುಗಿದಲ್ಲಿ ಇವರ ಕೆಲಸ ಶುರು. ಗಾಡಿ ಕೆಸರಿನಲ್ಲಿ ಹೂತರೆ ಶ್ರೇಣಿಕ ಸ್ಟೇರಿಂಗ್ ಹಿಡಿಯುವನು, ಕೃಷ್ಣಾತ ಹಿಂದೆ ಇಳಿದು ಭುಜ ಕೊಡುವನು, ಗಾಲಿಗೆ ಕಲ್ಲು ಇಡುವನು.

ಹೋದ ಮಳೆಗಾಲದಲ್ಲಿ ಒಂದು ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಕೃಷ್ಣಾತ ಅಂಗಾತ ಬಿದ್ದ. ಗಾಲಿ ಅವನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವನು ಎದ್ದು, ಕೆಸರು ಕೊಡವಿಕೊಂಡು ನಕ್ಕ. ಶ್ರೇಣಿಕನಿಗೆ ನಗು ಬರಲಿಲ್ಲ. ಎರಡು ದಿನ ಗಾಡಿ ಹೊರಗೆ ತೆಗೆಯಲಿಲ್ಲ. ಆಮೇಲೆ ಕೃಷ್ಣಾತನ ಮನೆಗೆ ತಾನೇ ಹೋಗಿ, ಅವನ ತಾಯಿ ಯಮುನವ್ವನ ಮುಂದೆ ಕೂತು ಹೇಳಿದ.

"ಗಾಡಿಗೆ ವಿಂಚ್ ಹಾಕಸ್ತೇನ್ರಿ ಯಮುನವ್ವಾರ. ಮುಂದ ಗಿಡಕ್ಕ ಹಗ್ಗಾ ಕಟ್ಟಿದ್ರ ಮೋಟರ್ ಸುತ್ತಿ ಗಾಡೀನ್ನ ತಾನs ಮ್ಯಾಲ ಎಳಕೋತೈತಿ. ಇನ್ನ ನಿಮ್ಮ ಮಗಾ ಗಾಡಿ ಹಿಂದ ನಿಲ್ಲೂದಿಲ್ರಿ. ಅದು ನನ್ನ ಜವಾಬ್ದಾರಿ."

ಯಮುನವ್ವ ಒಳಗೆ ಹೋಗಿ ಚಹಾ ತಂದುಕೊಟ್ಟಳು.

ಕೊಲ್ಲಾಪುರದಲ್ಲಿ ಹೆದ್ದಾರಿಯ ಬದಿಗೆ ಗಾಡಿಯ ಸಾಮಾನು ಮಾರುವ ಸಮ್ಮೇದನ ಅಂಗಡಿಗೆ ಇಬ್ಬರೂ ಹೋದರು. ಶ್ರೇಣಿಕ ಸಣ್ಣ ವಿಂಚೊಂದರ ಮೇಲೆ ಕೈ ಇಟ್ಟ. ಸಮ್ಮೇದ ಗಾಡಿಯ ತೂಕ ಕೇಳಿದ. ಶ್ರೇಣಿಕ ಹೇಳಿದ್ದಕ್ಕೆ ಸಮ್ಮೇದ ತಲೆ ಅಲ್ಲಾಡಿಸಿದ.

"ಅದು ಖಾಲಿ ಗಾಡಿ ತೂಕಾತ್ರಿ. ಮಾಲ ತುಂಬಿ ಹಿಡೀರಿ. ಅದರ ಮ್ಯಾಲ ಅರ್ಧಾ ಸೇರಸ್ರಿ. ರಾಡಿ ಗಾಡೀನ ಹಿಡಕೊಂಡ್ರ ಬಿಡೂದಿಲ್ಲ, ಅದರದೂ ತೂಕನ ಅದು," ಎಂದು ಸಮ್ಮೇದ ದೊಡ್ಡದನ್ನು ತೋರಿಸಿದ. "ಇನ್ನ ಹಗ್ಗಾ. ಉಕ್ಕಿನ ವೈರ್ ಬೇಕೋ, ನೂಲಿಂದೋ?"

"ವೈರ್ ನಕೋ, ಬ್ಯಾಡ," ಎಂದು ಕೃಷ್ಣಾತ ಮಾತು ಮುಗಿಯುವ ಮೊದಲೇ ಹೇಳಿದ. ಅವನ ಸೋದರಮಾವ ಮಾಯಪ್ಪನ ಒಂದು ಕಣ್ಣು ಹೋದದ್ದು ಕಬ್ಬಿನ ಟ್ರಾಲಿ ಎಳೆಯುತ್ತಿದ್ದ ಉಕ್ಕಿನ ತಂತಿ ಹರಿದು ಬೀಸಿದಾಗ. ಆಗ ಕೃಷ್ಣಾತ ಪಕ್ಕದಲ್ಲೇ ನಿಂತಿದ್ದ.

ಸಮ್ಮೇದ ಬೂದು ಬಣ್ಣದ ಹೆಣೆದ ಹಗ್ಗವನ್ನು ತಂದ. ಹೆಬ್ಬೆರಳಿನಷ್ಟೂ ದಪ್ಪವಿಲ್ಲ. ಹರಿದರೂ ಬೀಸುವುದಿಲ್ಲ, ಇದ್ದಲ್ಲೇ ಬೀಳುತ್ತದೆ ಎಂದ. ಶ್ರೇಣಿಕ ತನ್ನ ರೂಢಿಯಂತೆ ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿದ. ಬಹಳ ದಿನದ ಮೇಲೆ ಅವನ ಮುಖ ಅರಳಿತು.

"ರೇಶಿಮಿ ಹಂಗ ಐತೆಲ್ರಿ."

"ಅದನ್ನs ಹೇಳಾಕತ್ತೇನಿ. ಭಾಳ ಜಾರತೈತಿ. ಮೊನಚ ಕಲ್ಲಿಗೆ ತಿಕ್ಕಿದ್ರ ಹರೀತೈತಿ. ಹರದ್ರ ಗಂಟ ಹಾಕಬ್ಯಾಡ್ರಿ. ನನ್ನ ಕಡೆ ತರ್ರಿ, ಒಂದರ ಹೊಟ್ಯಾಗ ಒಂದ ತೂರಿಸಿ ಹೆಣದ ಕೊಡ್ತೇನಿ. ಮತ್ತ ಎಳಿಯುವಾಗ ಗಾಡಿ ಹಿಂದ ಯಾರೂ ನಿಲ್ಲಾಂಗಿಲ್ಲ."

ಕೊನೆಯ ಮಾತು ಶ್ರೇಣಿಕನ ಕಿವಿಗೆ ಬೀಳಲೇ ಇಲ್ಲವೇನೋ. ಅವನು ಮೊದಲಿನ ಮಾತಿಗೇ ನಗುತ್ತಿದ್ದ.

"ಸಮ್ಮೇದರಾವ, ಇಚಲಕರಂಜಿ ಕಡಿಯವರಿಗೆ ಗಂಟ ಹಾಕೂದು ಕಲಸ್ತೀರೇನ್ರಿ?"

ಕೃಷ್ಣಾತನೂ ನಕ್ಕ. ತನ್ನ ಮಾಲೀಕನ ಬಗ್ಗೆ ಅವನಿಗೆ ಅಭಿಮಾನ. ಸಮ್ಮೇದ ನಗಲಿಲ್ಲ, ಹೇಳುವುದು ತನ್ನ ಕೆಲಸ ಎಂದು ಹಗ್ಗ ಸುತ್ತಿಕೊಟ್ಟ.

ವಿಂಚ್ ಕೂರಿಸಿದ್ದು ಇಚಲಕರಂಜಿಯಲ್ಲಿ, ಬಾಳಗೊಂಡನ ಗ್ಯಾರೇಜಿನಲ್ಲಿ. ಬಾಳಗೊಂಡ ಮುಂದಿನ ಬಂಪರ್ ಕಳಚಿ, ದಪ್ಪ ತಗಡನ್ನು ನೇರ ಗಾಡಿಯ ಅಡಿಚೌಕಟ್ಟಿಗೇ ಬೋಲ್ಟು ಹಾಕಿ ಬಿಗಿದು ಅದರ ಮೇಲೆ ವಿಂಚ್ ಇಟ್ಟ. ಬಂಪರಿಗೆ ಕಟ್ಟಿದರೆ ಬಂಪರಷ್ಟೇ ಮೇಲೆ ಹೋಗಿ ಗಾಡಿ ಕೆಳಗೇ ಉಳಿಯುತ್ತದೆ ಎಂದು ತಮಾಷೆ ಮಾಡಿದ. ಹಗ್ಗ ಹೊರಬರುವ ಬಾಯಿಯನ್ನು ನುಣುಪಾಗಿ ಉಜ್ಜಿದ, ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದ. ಅಂಗಳದ ಬೇವಿನ ಮರಕ್ಕೆ ಹಗ್ಗ ಸಿಕ್ಕಿಸಿ ಸ್ವಿಚ್ ಒತ್ತಿದಾಗ, ಹ್ಯಾಂಡ್‌ಬ್ರೇಕ್ ಹಾಕಿದ್ದ ಗಾಡಿ ಕರುವಿನ ಹಾಗೆ ಸುಮ್ಮನೆ ಮುಂದೆ ಬಂತು. ಕೃಷ್ಣಾತ ಅವ್ವ ಕೊಟ್ಟ ದೇವರ ಭಂಡಾರದ ಪೊಟ್ಟಣ ಬಿಚ್ಚಿ ವಿಂಚಿಗೆ ಅರಿಶಿನ ಬಳಿದ. ಶ್ರೇಣಿಕ ಬೇಡ ಅನ್ನಲಿಲ್ಲ. ಅವತ್ತು ಅವನ ಎದೆಯ ಮೇಲಿನ ಭಾರ ಇಳಿದಿತ್ತು.

ಈ ಮಳೆಗಾಲದ ಆರಂಭದಲ್ಲೇ ಹಗ್ಗ ಹರಿಯಿತು. ಗಡಹಿಂಗ್ಲಜದ ಕಡೆ ಒಂದು ಹಳ್ಳ ದಾಟುವಾಗ ಬಂಡೆಯ ಅಂಚಿಗೆ ತಿಕ್ಕಿತು, ಅಷ್ಟೇ. ಸಮ್ಮೇದ ಹೇಳಿದಂತೆಯೇ ಅದು ಬೀಸಲಿಲ್ಲ, ನೀರಿನ ಮೇಲೆ ಮೆತ್ತಗೆ ಬಿತ್ತು. ಆಚೆ ದಂಡೆಯಲ್ಲಿ ಕುರಿಗಾರರು ಮಳೆಯಲ್ಲಿ ನೆನೆಯುತ್ತ ಕಾಯುತ್ತಿದ್ದರು. ಕೊಲ್ಲಾಪುರ ದೂರ. ಶ್ರೇಣಿಕ ಎರಡೂ ತುದಿಗಳನ್ನು ಎತ್ತಿಕೊಂಡು ಮಗ್ಗದ ಗಂಟನ್ನೇ ಹಾಕಿದ. ಹಾಕುವಾಗ ಬೆರಳಿಗೆ ಒಂದು ಸಂಗತಿ ಗೊತ್ತಾಯಿತು. ಹತ್ತಿಯ ಎಳೆ ಗಂಟಿನೊಳಗೆ ಒಂದನ್ನೊಂದು ಕಚ್ಚುತ್ತದೆ. ಇದು ಕಚ್ಚಲಿಲ್ಲ. ಅವನು ಪಾದದಲ್ಲಿ ಮೆಟ್ಟಿ ಜಗ್ಗಿ ಬಿಗಿದ.

"ಬರೋಬ್ಬರ್ ಆತೇನ್ರಿ ಅಣ್ಣಾ?" ಎಂದು ಕೃಷ್ಣಾತ ಕೇಳಿದ.

"ನಾ ಹಾಕೇನಲ್ಲ."

ಅದು ಸಪಾಟು ಜಾಗ. ಗಂಟು ತಡೆಯಿತು. ತಡೆಯದಿದ್ದರೆ ಚೆನ್ನಾಗಿತ್ತು, ನಾಲ್ಕು ಬೈಗುಳ ಬೈದು ಮರುದಿನವೇ ಕೊಲ್ಲಾಪುರಕ್ಕೆ ಹೋಗುತ್ತಿದ್ದ. ತಡೆದದ್ದರಿಂದ ಹೋಗಲಿಲ್ಲ. ನೂತನ ಎರಡು ಸಲ ನೆನಪಿಸಿದಳು. ಇವತ್ತು ನಾಳೆ ಎಂದು ದಿನ ದೂಡಿದ. ಸಮ್ಮೇದನ ಮುಂದೆ ಹರಿದ ಹಗ್ಗ ಹಿಡಿದು ನಿಲ್ಲಲು ಮನಸ್ಸಿರಲಿಲ್ಲ, ನಿಜ ಹೇಳಬೇಕೆಂದರೆ.

ಮುಂದಿನ ಬಿಡಾರ ಎತ್ತುವ ದಿನ ಜಿಟಿಜಿಟಿ ಮಳೆ. ಹಿಂದೆ ತುಂಬ ಮರಿಗಳು. ಎದುರಿಗೆ ಕೆಂಪು ಮಣ್ಣಿನ ಏರು. ಕೃಷ್ಣಾತ ಹಗ್ಗ ಎಳೆದುಕೊಂಡು ಮೇಲೆ ಹತ್ತಿ ಹುಣಸೆ ಮರಕ್ಕೆ ಸಿಕ್ಕಿಸಿ ಬಂದ. ಶ್ರೇಣಿಕ ಒಳಗೆ ಕೂತು ಸ್ವಿಚ್ ಕೈಗೆ ತೆಗೆದುಕೊಂಡ. ಕನ್ನಡಿಯಲ್ಲಿ ನೋಡಿದರೆ, ಕೃಷ್ಣಾತ ಗಾಡಿಯ ಹಿಂದೆ, ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ.

ಯಮುನವ್ವನಿಗೆ ಕೊಟ್ಟ ಮಾತು ಶ್ರೇಣಿಕನಿಗೆ ನೆನಪಾಗಲಿಲ್ಲವೆಂದಲ್ಲ. ಆಚೆ ಸರಿ ಎಂದು ಕೂಗಲು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ ಕೂಡ. ಆದರೆ ಆಚೆ ಸರಿ ಎಂದರೆ ತನ್ನ ಗಂಟಿನ ಮೇಲೆ ತನಗೇ ನಂಬಿಕೆಯಿಲ್ಲ ಎಂದಂತಾಯಿತು. ತಲೆ ಒಳಗೆ ತೆಗೆದುಕೊಂಡು ಸ್ವಿಚ್ ಒತ್ತಿದ.

ಗಾಡಿ ಏರಿನ ಅರ್ಧಕ್ಕೆ ಬಂದಿತ್ತು. ಸದ್ದೇನೂ ಆಗಲಿಲ್ಲ. ಮುಂದೆ ಬಿಗಿದಿದ್ದ ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಶ್ರೇಣಿಕ ಬ್ರೇಕಿನ ಮೇಲೆ ಎದ್ದು ನಿಂತ. ನಾಲ್ಕೂ ಗಾಲಿ ತಿರುಗದೆ ನಿಂತವು, ನಿಂತ ಹಾಗೇ ಕೆಸರಿನ ಮೇಲೆ ಕೆಳಗೆ ಜಾರಿದವು. ಗಾಡಿ ನಿಂತ ಮೇಲೆ ಮರಿಗಳು ಕೂಗುವುದು ಕೇಳಿಸಿತು. ಕೃಷ್ಣಾತನ ಸದ್ದು ಕೇಳಿಸಲಿಲ್ಲ.

ಹೊಲದಲ್ಲಿದ್ದವರು ಓಡಿ ಬಂದು ಭುಜ ಕೊಟ್ಟು ಗಾಡಿಯನ್ನು ಅವನ ಕಾಲಿನ ಮೇಲಿಂದ ಸರಿಸಿದರು. ಅವನನ್ನು ಬೇರೆ ಗಾಡಿಗೆ ಎತ್ತುವಾಗ ಶ್ರೇಣಿಕನ ಕಣ್ಣು ಹಗ್ಗದ ಮೇಲೆ ಬಿತ್ತು. ಹಗ್ಗ ಹೊಸದಾಗಿ ಎಲ್ಲೂ ಹರಿದಿರಲಿಲ್ಲ, ಬಿದ್ದಿದ್ದವು ಅವೇ ಹಳೆಯ ಎರಡು ತುದಿಗಳು. ಗಂಟು ಕೂತಿದ್ದ ಸುರುಳಿ ಇನ್ನೂ ಅವುಗಳಲ್ಲಿ ಉಳಿದಿತ್ತು.

ಕೊಲ್ಲಾಪುರದ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆದರು. ಬೆಟ್ಟ ಮಾಳ ಅಲೆಯುವ ಮನೆತನದ ಕಾಲು ಅದು. ಶ್ರೇಣಿಕ ದಿನವೂ ಬಂದು ವರಾಂಡದಲ್ಲಿ ಕೂತು ಹೋಗುತ್ತಿದ್ದ, ಒಳಗೆ ಹೋಗುವ ಧೈರ್ಯವಿರಲಿಲ್ಲ. ಕೃಷ್ಣಾತ ಮಾತಾಡುವಂತಾದ ದಿನ ಬಾಳೆಹಣ್ಣು ಹಿಡಿದು ಒಳಗೆ ಹೋದ. ಮಂಚದ ಪಕ್ಕ ಯಮುನವ್ವ ಕೂತಿದ್ದಳು. ಕೃಷ್ಣಾತನ ಅಣ್ಣ ಕೇದಾರಿ ನಿಂತೇ ಸಿಟ್ಟಿನಲ್ಲಿ ಮಾತಾಡುತ್ತಿದ್ದ.

"ಆ ಅಂಗಡ್ಯಾಂವ ಹಲ್ಕಾ ಮಾಲ ಕೊಟ್ಟಾನ. ನಾಳೆ ಹೋಗಿ ಅವನ ಅಂಗಡಿನs ಒಡೀತೇನಿ. ನೀವೂ ಬರ್ರಿ ಶ್ರೇಣಿಕಣ್ಣಾ."

ಯಮುನವ್ವ ಅದನ್ನು ಕಿವಿಗೆ ಹಾಕಿಕೊಳ್ಳದೆ ಮಗನನ್ನು ಕೇಳಿದಳು. "ಹಿಂದ ನಿಲ್ಲಬ್ಯಾಡ ಅಂದಿದ್ರಲ್ಲೋ ನಿನಗ. ಯಾಕ ನಿಂತಿ?"

ಕೃಷ್ಣಾತ ಶ್ರೇಣಿಕನ ಕಡೆ ನೋಡಿ ನಗಲು ನೋಡಿದ. ತುಟಿಗಳು ಒಣಗಿದ್ದವು.

"ಗಂಟ ಶ್ರೇಣಿಕಣ್ಣಾರ ಹಾಕಿದ್ರವಾ. ಬ್ಯಾರೆ ಯಾರರ ಹಾಕಿದ್ರ ನಾ ನಿಲ್ತಿದ್ದಿಲ್ಲ."

ಶ್ರೇಣಿಕ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ.

"ಹಗ್ಗಾ ಹರದಿಲ್ಲ, ಕೃಷ್ಣಾತ," ಎಂದ. "ಗಂಟ ಬಿಚ್ಚೈತಿ. ಗಂಟ ಹಾಕಬ್ಯಾಡ್ರಿ ಅಂತ ಸಮ್ಮೇದ ಹೇಳಿದ್ದ."

"ಇಲ್ರಿ ಅಣ್ಣಾ," ಎಂದ ಕೃಷ್ಣಾತ, ಅವನೇ ಶ್ರೇಣಿಕನಿಗೆ ಸಮಾಧಾನ ಹೇಳುವವನಂತೆ. "ನಿಮ್ಮ ಗಂಟ ಬಿಚ್ಚೂದಿಲ್ಲ. ಮತ್ತೆಲ್ಲರ ಹರದಿರಬೇಕ ನೋಡ್ರಿ."

ಕೃಷ್ಣಾತ ನಂಬಲಿಲ್ಲ. ಯಮುನವ್ವ ನಂಬಿದಳು. ಅವಳು ಎದ್ದು, ಕಿಟಕಿಯ ಹತ್ತಿರ ಶ್ರೇಣಿಕ ಇಟ್ಟಿದ್ದ ಬಾಳೆಹಣ್ಣಿನ ಚೀಲವನ್ನು ತಂದು ಅವನ ಕೈಗೆ ವಾಪಸು ಕೊಟ್ಟಳು.