ವಾರಗಿತ್ತಿಯರ ಭುಜನೋವು

ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಬ್ಬರು ವಾರಗಿತ್ತಿಯರು ಕೆಲಸಕ್ಕಿದ್ದರು. ಅಣ್ಣನ ಹೆಂಡತಿ ಇಸ್ತ್ರಿ ಮೇಜಿನ ಮುಂದೆ, ತಮ್ಮನ ಹೆಂಡತಿ ಒಗೆಯುವ ಯಂತ್ರಗಳ ಮುಂದೆ. ಅವರನ್ನು ಎಲ್ಲರೂ ದೊಡ್ಡಕ್ಕ, ಚಿಕ್ಕಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡಕ್ಕ ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಅಂಗಿ ಇಸ್ತ್ರಿ ಮಾಡಿದವಳು. ಅವಳ ಕೈಯಿಂದ ಹೋದ ಕಾಲರು ಹಳೆಯದೆಂದು ಅಂಗಿಯ ಯಜಮಾನನಿಗೂ ಹೇಳಲಾಗುತ್ತಿರಲಿಲ್ಲ. ಚಿಕ್ಕಕ್ಕ ನೀರು ಕುಡಿದು ಕಲ್ಲಿನಂತಾದ ಹಾಸಿಗೆ ಬಟ್ಟೆಗಳನ್ನು ಒಂದು ಯಂತ್ರದಿಂದ ಎಳೆದು ಇನ್ನೊಂದಕ್ಕೆ ತುಂಬುವವಳು.

ದೊಡ್ಡಕ್ಕನಿಗೆ ಬಲಭುಜದ ನೋವು, ಚಿಕ್ಕಕ್ಕನಿಗೆ ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ನೋವು. ಮುಲಾಮು, ಮಾತ್ರೆ, ಬಿಸಿನೀರಿನ ಚೀಲ ಎಲ್ಲ ಆಗಿತ್ತು. ಹೀಗಿರುವಾಗ ಲಾಂಡ್ರಿಯ ಬಾಗಿಲಿಗೆ ಆಸ್ಪತ್ರೆಯವರ ಒಂದು ಚೀಟಿ ಅಂಟಿಸಿದರು. ಮೂರು ತಿಂಗಳಿಗಿಂತ ಹಳೆಯ ಕುತ್ತಿಗೆ, ಭುಜದ ನೋವಿದ್ದವರು ಒಂದು ಅಧ್ಯಯನಕ್ಕೆ ಬರಬಹುದು. ಅರ್ಧ ಜನಕ್ಕೆ ವ್ಯಾಯಾಮ ಮಾತ್ರ. ಉಳಿದರ್ಧಕ್ಕೆ ವ್ಯಾಯಾಮದ ಜೊತೆಗೆ ಕೈಯಿಂದ ಮಾಡುವ ಚಿಕಿತ್ಸೆ. ಯಾರಿಗೆ ಯಾವುದು ಎಂಬುದನ್ನು ಅವರವರ ಪಾಲಿಗೆ ಬಂದ ಮುಚ್ಚಿದ ಲಕೋಟೆ ಹೇಳುತ್ತದೆ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಮನೆಯ ಬೇರೆ ಯಾರಾದರೂ ಇದರಲ್ಲಿ ಇದ್ದಾರೆಯೇ? ಒಂದೇ ಮನೆಯಲ್ಲಿ ದೊಡ್ಡಕ್ಕ ಕೆಳಗಿನ ಮಹಡಿ, ಚಿಕ್ಕಕ್ಕ ಮೇಲಿನ ಮಹಡಿ.

"ನಮ್ಮ ಒಲೆ ಬೇರೆ ಅಲ್ವಾ," ಎಂದಳು ದೊಡ್ಡಕ್ಕ. "ಇಲ್ಲ ಅಂತ ಬರಿ."

ಚಿಕ್ಕಕ್ಕ ಇಬ್ಬರ ಅರ್ಜಿಯಲ್ಲೂ 'ಇಲ್ಲ' ಎಂದು ಬರೆದಳು.

ಲಕೋಟೆ ಒಡೆದಾಗ ದೊಡ್ಡಕ್ಕನಿಗೆ ಬಂದದ್ದು ವ್ಯಾಯಾಮ ಮಾತ್ರ. ಚಿತ್ರಗಳಿದ್ದ ಒಂದು ಹಾಳೆ, ಒಂದು ರಬ್ಬರ್ ಪಟ್ಟಿ. ಚಿಕ್ಕಕ್ಕನಿಗೆ ಕೈಚಿಕಿತ್ಸೆಯೂ ಸಿಕ್ಕಿತು. ಅದನ್ನು ಮಾಡುತ್ತಿದ್ದವರು ಆಸ್ಟಿಯೋಪತಿ ಕಲಿತು ಬಂದ ಒಬ್ಬ ಬೋಳುತಲೆಯ ವೈದ್ಯರು. ಔಷಧಿಯಿಲ್ಲ, ಸೂಜಿಯಿಲ್ಲ, ಕೀಲು ಮತ್ತು ಸ್ನಾಯುಗಳನ್ನು ಕೈಯಿಂದಲೇ ಹುಡುಕಿ, ಒತ್ತಿ, ಸಡಿಲಿಸುವವರು.

ಮೊದಲ ಸಲ ಹೋಗಿ ಬಂದ ಚಿಕ್ಕಕ್ಕ ಬಸ್ಸಿನಲ್ಲಿ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದಳು. "ನೋಡಿ ಅಕ್ಕ, ಇಷ್ಟು ದಿನ ಇದು ಎಲ್ಲಿತ್ತೋ."

"ನಿನ್ನ ಹತ್ರಾನೇ ಇತ್ತು," ಎಂದು ದೊಡ್ಡಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹೊಟ್ಟೆ ಉರಿದದ್ದು ನಿಜ. ಆದರೂ ಹಾಳೆಯಲ್ಲಿದ್ದದ್ದನ್ನು ಅವಳು ಬಿಡಲಿಲ್ಲ. ಕೆಲಸವೆಂದರೆ ಕೆಲಸ. ಬೆಳಿಗ್ಗೆ ಹತ್ತು, ಸಂಜೆ ಹತ್ತು ಸಲ ರಬ್ಬರ್ ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದಳು. ಗಂಡ ಒಂದು ದಿನ ಗೊತ್ತಿಲ್ಲದೆ ಬಾಗಿಲು ತೆಗೆದು ಪಟ್ಟಿಯಿಂದ ಮೂಗಿಗೆ ಏಟು ತಿಂದ. ಮೇಲಿನ ಮಹಡಿಯಲ್ಲಿ ಚಿಕ್ಕಕ್ಕನ ಪಟ್ಟಿ ಮಡಚಿದ ಹಾಗೇ ಡಬ್ಬದಲ್ಲಿತ್ತು. ಕೈಯಿಂದಲೇ ಗುಣವಾಗುತ್ತಿರುವಾಗ ಎಳೆದಾಡುವುದೇಕೆ ಎಂಬುದು ಅವಳ ಲೆಕ್ಕ.

ಮೂರನೇ ವಾರದ ಭಾನುವಾರ ಮಧ್ಯಾಹ್ನ ದೊಡ್ಡಕ್ಕ ಮೇಲಿನ ಮಹಡಿಗೆ ಹತ್ತಿ, ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತಳು. ತೊಳೆದ ಪಾತ್ರೆ ಒರೆಸುತ್ತಿದ್ದ ಚಿಕ್ಕಕ್ಕನನ್ನು ಕರೆದಳು.

"ಆ ಡಾಕ್ಟರು ಏನ್ ಮಾಡ್ತಾರೆ, ಸ್ವಲ್ಪ ತೋರ್ಸು."

"ಅಕ್ಕ, ಹಾಗೆಲ್ಲ ಮಾಡಬಾರದೇನೋ."

"ತೋರ್ಸು ಅಂದೆ, ಮಾಡು ಅನ್ನಲಿಲ್ಲ."

ತೋರಿಸುತ್ತಾ ತೋರಿಸುತ್ತಾ ಚಿಕ್ಕಕ್ಕನ ಹೆಬ್ಬೆರಳು ಭುಜದ ಮೂಳೆಯ ಹಿಂದೆ ಒಂದು ಗಂಟು ಹಿಡಿದುಬಿಟ್ಟಿತು. ಒತ್ತಿ ಹಿಡಿದಳು, ನಿಧಾನಕ್ಕೆ ಬಿಟ್ಟಳು, ತೋಳನ್ನು ಎತ್ತಿ ಸುತ್ತಿಸಿದಳು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈಗಳು ಹೀಗೆ ಹಗುರವಾಗಿ ಬರಬಲ್ಲವೆಂದು ದೊಡ್ಡಕ್ಕನಿಗೆ ಗೊತ್ತೇ ಇರಲಿಲ್ಲ. ಒಂದೇ ಸೂರಿನ ಕೆಳಗೆ ಹನ್ನೆರಡು ವರ್ಷ ಕಳೆದಿದ್ದರು. ಮಕ್ಕಳನ್ನು, ಪಾತ್ರೆಗಳನ್ನು, ಮಾತುಗಳನ್ನು ಕೈಯಿಂದ ಕೈಗೆ ದಾಟಿಸಿದ್ದರು. ಆದರೆ ಒಬ್ಬರು ಇನ್ನೊಬ್ಬರ ಮೈ ಮುಟ್ಟಿದ್ದು ನೆನಪಿರಲಿಲ್ಲ. ದೊಡ್ಡಕ್ಕನಿಗೆ ಕಣ್ಣು ಮುಚ್ಚಿಕೊಂಡು ಬಂತು.

ಎದ್ದ ಮೇಲೆ ಅವಳು ಸುಮ್ಮನಿರಲಿಲ್ಲ. "ನಿನ್ನ ಪಟ್ಟಿ ಎಲ್ಲಿ?" ಎಂದಳು. ಚಿಕ್ಕಕ್ಕ ನಿಜ ಹೇಳಬೇಕಾಯಿತು. ಅಂದಿನಿಂದ ದಿನಾ ಸಂಜೆ ಆರಕ್ಕೆ ಇಬ್ಬರೂ ಕೆಳಗಿನ ಅಡುಗೆಮನೆಯಲ್ಲಿ. ಮೊದಲು ದೊಡ್ಡಕ್ಕ ಎಣಿಸುವಳು, ಚಿಕ್ಕಕ್ಕ ಎಳೆಯುವಳು. "ಅದು ಆರಲ್ಲ, ಐದೂವರೆ. ಕಳ್ಳಾಟ ಬೇಡ." ಆಮೇಲೆ ಚಿಕ್ಕಕ್ಕ ಒತ್ತುವಳು, ದೊಡ್ಡಕ್ಕ ತೂಕಡಿಸುವಳು.

ಆಸ್ಪತ್ರೆಯಲ್ಲಿ ಎರಡು ವಾರಕ್ಕೊಮ್ಮೆ ನೋವಿಗೆ ಅಂಕ ಕೊಡಬೇಕಿತ್ತು. ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾರದ್ದು. ಅದನ್ನು ಬರೆದುಕೊಳ್ಳುತ್ತಿದ್ದ ಹುಡುಗಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿರಬಾರದೆಂಬ ನಿಯಮ. ಅವಳು ತೋಳು ಎಷ್ಟು ಮೇಲೇರುತ್ತದೆಂದು ಕೋನಮಾಪಕ ಹಿಡಿದು ಅಳೆಯುತ್ತಿದ್ದುದರಿಂದ ದೊಡ್ಡಕ್ಕ ಅವಳಿಗೆ ಅಳತೆ ಮೇಡಂ ಎಂದು ಹೆಸರಿಟ್ಟಿದ್ದಳು. ಶುರುವಿನಲ್ಲಿ ದೊಡ್ಡಕ್ಕನ ಅಂಕ ಏಳು. ಆರನೇ ವಾರಕ್ಕೆ ನೋವು ಮೂರಕ್ಕೆ ಇಳಿದಿತ್ತು. ಬರಿ ವ್ಯಾಯಾಮದವಳು ಅಷ್ಟು ಇಳಿಸಿದರೆ ಆಮೇಲೆ ಲೆಕ್ಕ ನೋಡುವವರಿಗೆ ಅನುಮಾನ ಬರುತ್ತದೆಂದು ಅವಳು "ಐದು" ಎಂದಳು. ಅಳತೆ ಮೇಡಂ ಐದು ಎಂದು ಬರೆದಳು. ಎರಡು ಸಾರಿ ಪೆನ್ನು ಆಡಿಸಿ, ಅಂದವಾಗಿ ಬರೆದಳು.

ಆ ಐದು ದೊಡ್ಡಕ್ಕನನ್ನು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಕಾಡಿತು. ಮರುದಿನ ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದಳು. ಊಟದ ಬಿಡುವಿನಲ್ಲಿ ಚಿಕ್ಕಕ್ಕನಿಗೆ ಹೇಳಿದಳು: "ಆ ಹುಡುಗಿ ನಾನು ಹೇಳಿದ್ದನ್ನ ನಂಬಿ ಬರೀತಾಳೆ ಕಣೇ. ನಾಳೆ ಇನ್ಯಾರದೋ ಭುಜಕ್ಕೆ ಅದೇ ಲೆಕ್ಕ."

ಇಬ್ಬರೂ ಆಸ್ಪತ್ರೆಗೆ ಒಟ್ಟಿಗೇ ಹೋದರು. ಬಾಗಿಲಲ್ಲಿ ಅವರನ್ನು ಒಟ್ಟಿಗೆ ನೋಡಿಯೇ ಅಳತೆ ಮೇಡಂಗೆ ಅರ್ಧ ಅರ್ಥವಾಯಿತು.

"ನಾವು ವಾರಗಿತ್ತಿಯರು," ಎಂದಳು ದೊಡ್ಡಕ್ಕ. "ಒಲೆ ಬೇರೆ, ಮನೆ ಒಂದೇ. ಇವಳು ನನ್ನ ಭುಜ ಒತ್ತುತ್ತಾಳೆ. ಐದು ಅಂದಿದ್ದು ಸುಳ್ಳು, ಮೂರು."

ಚಿಕ್ಕಕ್ಕ ಸೇರಿಸಿದಳು: "ನಾನು ಮೂರು ವಾರ ವ್ಯಾಯಾಮ ಮಾಡೇ ಇರಲಿಲ್ಲ. ಮಾಡಿದೆ ಅಂತ ಟಿಕ್ ಹಾಕಿದ್ದೆ."

ಅಳತೆ ಮೇಡಂ ಪೆನ್ನು ಕೆಳಗಿಟ್ಟಳು. ಬೈಯುತ್ತಾಳೆಂದು ಇಬ್ಬರೂ ಕಾದರು. ಅವಳು ಕೇಳಿದ್ದು, "ಕುತ್ತಿಗೆ ಹಿಡಿದು ಲಟಕ್ ಅಂತ ತಿರುಗಿಸಿದ್ರಾ?"

"ಅಯ್ಯೋ ಇಲ್ಲ. ಅಲ್ಲಿಗೆ ಕೈ ಹಾಕೋ ಧೈರ್ಯ ನನಗಿಲ್ಲ."

"ಬರೋದೂ ಬೇಡ. ಅದು ಕಲಿತವರಿಗೇ ಇರಲಿ, ಅವರೂ ಯೋಚನೆ ಮಾಡಿ ಮಾಡ್ತಾರೆ." ಅವಳು ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದಳು. "ಈಗ ನನಗೆ ನಿಮ್ಮ ಗುಂಪು ಗೊತ್ತಾಗಿಹೋಯ್ತು. ಇನ್ಮುಂದೆ ಬೇರೆಯವರು ಅಳೀತಾರೆ. ನಿಮ್ಮನ್ನ ತೆಗೆದುಹಾಕಲ್ಲ. ಲಕೋಟೆಯಲ್ಲಿ ಯಾವ ಗುಂಪು ಬಂತೋ ಅದರಲ್ಲೇ ಎಣಿಸ್ತೀವಿ. ಆದರೆ ನಡೆದದ್ದನ್ನ ನಡೆದ ಹಾಗೆ ಬರೀಬೇಕು. ಬರೀಲಾ?"

"ಬರೀರಿ," ಎಂದಳು ದೊಡ್ಡಕ್ಕ. ಎದೆಯ ಮೇಲಿನ ಭಾರ ಇಳಿದು, ಅವಳಿಗೆ ಆಗಲೇ ಹಸಿವಾಯಿತು.

ಮುಂದಿನ ವಾರ ಅಳತೆ ಮೇಡಂ ತನ್ನ ಬಿಡುವಿನ ದಿನ ಲಾಂಡ್ರಿಗೇ ಬಂದಳು. ಅವರು ಕೆಲಸ ಮಾಡುವುದನ್ನು ಒಂದು ಗಂಟೆ ನಿಂತು ನೋಡಿದಳು. ಇಸ್ತ್ರಿ ಮೇಜು ದೊಡ್ಡಕ್ಕನ ಎತ್ತರಕ್ಕೆ ತೀರಾ ತಗ್ಗಾಗಿತ್ತು. ಮೇಲ್ವಿಚಾರಕನಿಗೆ ಹೇಳಿ ಕಾಲುಗಳ ಕೆಳಗೆ ನಾಲ್ಕು ಮರದ ತುಂಡು ಇಡಿಸಿದಳು. ಚಿಕ್ಕಕ್ಕ ಯಂತ್ರದಿಂದ ಹಾಸಿಗೆ ಬಟ್ಟೆಗಳನ್ನು ಒಂದೇ ಉಂಡೆಯಾಗಿ ಎಳೆಯುತ್ತಿದ್ದಳು. ಮೇಡಂ ಹೇಳಿದ ಮೇಲೆ ಎರಡೆರಡೇ ತೆಗೆಯಲು ಶುರುಮಾಡಿದಳು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯಿತು, ಯಾರೂ ಏನೂ ಅನ್ನಲಿಲ್ಲ.

ಅಧ್ಯಯನ ಮುಗಿದು, ಬರಹ ಅಚ್ಚಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅಳತೆ ಮೇಡಂ ಒಂದು ಪ್ರತಿ ತಂದುಕೊಟ್ಟಳು. ಮೂವರೂ ಅಡುಗೆಮನೆಯಲ್ಲಿ ಕೂತರು.

"ಯಾರು ಗೆದ್ರು, ಕೈಯೋ ಪಟ್ಟಿಯೋ?" ದೊಡ್ಡಕ್ಕ ಕೇಳಿದಳು.

"ಕೈ ಚಿಕಿತ್ಸೆಯವರಿಗೆ ಮೊದಮೊದಲು ನೋವು ಬೇಗ ಇಳಿದಿದೆ. ಆರು ತಿಂಗಳಿಗೆ ಎರಡೂ ಗುಂಪು ಹತ್ತಿರ ಹತ್ತಿರ ಬಂದಿವೆ. ನಮ್ಮದು ಸಣ್ಣ ಅಧ್ಯಯನ, ಇಷ್ಟರಿಂದಲೇ ಗಟ್ಟಿಯಾಗಿ ಹೇಳೋಕಾಗಲ್ಲ."

"ಇಷ್ಟು ಹೇಳೋಕೆ ಇಷ್ಟು ಹಾಳೆನಾ?"

"ಇಷ್ಟು ಹೇಳೋಕೇ ಎರಡು ವರ್ಷ ಬೇಕಾಯ್ತು, ಅಮ್ಮ."

ಒಂದು ಪುಟದಲ್ಲಿ ಪೆನ್ಸಿಲ್ ಗೆರೆ ಎಳೆದಿತ್ತು. ಒಂದೇ ಕುಟುಂಬದ ಇಬ್ಬರು ತಮ್ಮ ಚಿಕಿತ್ಸೆಗಳನ್ನು ಹಂಚಿಕೊಂಡರು, ಅದನ್ನು ತಾವಾಗಿಯೇ ತಿಳಿಸಿದರು ಎಂದು ಅಲ್ಲಿ ಬರೆದಿತ್ತು. ಚಿಕ್ಕಕ್ಕ ಬೆರಳಿಟ್ಟು ಎಣಿಸಿದಳು. "ನಮ್ಮ ಬಗ್ಗೆ ಒಂದೂವರೆ ಸಾಲು, ಅಕ್ಕ."

"ಒಂದು ನಂದು. ಅರ್ಧ ನಿಂದು," ಎಂದಳು ದೊಡ್ಡಕ್ಕ.

ಅಳತೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎರಡು ದಿನದಿಂದ ಕಂಪ್ಯೂಟರ್ ಮುಂದೆ ಕೂತು ತನ್ನ ಕುತ್ತಿಗೆಯೇ ಹಿಡಿದುಕೊಂಡಿದೆ ಎಂದಳು. ಚಿಕ್ಕಕ್ಕ ಕೈ ತೊಳೆದುಕೊಂಡು ಬರಲು ಎದ್ದಳು.